ನೆಲದಿಂದ 20 ಇಂಚು

ನಾನು ಸೊಂಟದ ಕೀಲು ಬದಲಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ಸಂಜೆ ಮೈದುನ ಮಾಡಿದ ಮೊದಲ ಕೆಲಸವೆಂದರೆ ಟೇಪು ಹಿಡಿದು ಮನೆಯ ಕುರ್ಚಿಗಳನ್ನೆಲ್ಲ ಅಳೆದದ್ದು. ಫಿಸಿಯೋಥೆರಪಿಯ ಹುಡುಗಿ ನನ್ನ ಕಾಲಿನ ಉದ್ದ ನೋಡಿ ಚೀಟಿಯಲ್ಲಿ ಬರೆದುಕೊಟ್ಟಿದ್ದಳು: ಕೂರುವ ಜಾಗ ನೆಲದಿಂದ 20 ಇಂಚಿಗಿಂತ ತಗ್ಗಿರಬಾರದು, ಮೊಣಕಾಲು ಯಾವತ್ತೂ ಸೊಂಟಕ್ಕಿಂತ ಮೇಲೆ ಬರಬಾರದು. ಜಗಲಿಯ ಮರದ ಕುರ್ಚಿ 17 ಇಂಚು. ಪ್ಲಾಸ್ಟಿಕ್ ಕುರ್ಚಿ ಹದಿನಾರೂವರೆ. ಮಾವನವರ ಆರಾಮ ಕುರ್ಚಿಯನ್ನು ಅಳೆಯುವ ಅಗತ್ಯವೇ ಬೀಳಲಿಲ್ಲ. ಎರಡೂ ಸೊಂಟ ಗಟ್ಟಿಯಿರುವವರೇ ಅದರಿಂದ ಏಳಲು ಒದ್ದಾಡುತ್ತಾರೆ. ಕೊನೆಗೆ ಮೂರು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಇಳಿಸಿ, ಮೇಲೆ ಹಳೆಯ ಜಮಖಾನ ಮಡಿಸಿ ಹಾಕಿದಾಗ ಲೆಕ್ಕ ಸರಿಹೋಯಿತು. ಆ ಗೋಪುರದ ಮೇಲೆ ನಾನು ಈ ಸಲದ ಚಳಿಗಾಲ ಕಳೆದೆ.

ಒಂದು ಅಳತೆ ತಲೆಗೆ ಹೊಕ್ಕರೆ ಮತ್ತೆ ಎಲ್ಲವನ್ನೂ ಅದರಲ್ಲೇ ಅಳೆಯುವ ಚಟ ಹತ್ತುತ್ತದೆ. ಕೆಲಸವಿಲ್ಲದೆ ಕೂತವಳು ಬೇರೆ ಏನು ಮಾಡಬೇಕು? ಊಟದ ಮಣೆ 3 ಇಂಚು. ಹಾಲು ಕರೆಯುವಾಗ ಕೂರುವ ಕೊರಡು 6 ಇಂಚು. ಬಚ್ಚಲ ಒಲೆಯ ಬಾಯಿ ನೆಲಕ್ಕೆ ಸಮ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಹಾಕಿಕೊಳ್ಳುವ ಗೋಣಿಚೀಲ ಮಡಿಸಿದರೂ ಅರ್ಧ ಗೇಣು ಏರದು. ಅಂಗಳ ಸಾರಿಸುವ ಸಗಣಿ, ಕೊಟ್ಟಿಗೆಗೆ ಗುಡಿಸಿ ತರುವ ದರಕಿನ ಒಣ ಎಲೆ, ಬುಟ್ಟಿಗೆ ಆರಿಸಿ ಹಾಕಬೇಕಾದ ಉದುರಡಿಕೆ, ಎಲ್ಲವೂ ಪಾದದ ಮಟ್ಟದಲ್ಲಿ. ಇಲ್ಲವೆಂದರೆ ಒಮ್ಮೆಲೇ ತಲೆಯ ಮೇಲೆ, ಬೇಯಿಸಿದ ಅಡಿಕೆ ಒಣಗಿಸುವ ಅಟ್ಟದ ಹಾಗೆ. ಮೂವತ್ತಮೂರು ವರ್ಷ ಈ ಮನೆಯಲ್ಲಿ ಬಾಳಿದ್ದೇನೆ. ನಮ್ಮ ಚಳಿಗಾಲಕ್ಕೆ ನಡುಮಟ್ಟದ ಎತ್ತರ ಎನ್ನುವುದೇ ಇಲ್ಲವೆಂದು ಗೊತ್ತಾಗಲು ತೊಡೆಯ ಮೂಳೆಯ ತಲೆ ಕತ್ತರಿಸಿ ತೆಗೆಸಬೇಕಾಯಿತು.

ಸೊಂಟ ಎಂದರೆ ಎಲ್ಲಿ?

ನೋಡಲು ಬಂದವರೆಲ್ಲ ಬೆನ್ನಿನ ಬಗ್ಗೆ ಕೇಳುತ್ತಿದ್ದರು. ತಪ್ಪು ಅವರದಲ್ಲ. ನಾನೇ ಎಲ್ಲರಿಗೂ ಸೊಂಟದ ಆಪರೇಷನ್ ಎಂದು ಹೇಳಿದ್ದೆ. ಕನ್ನಡದಲ್ಲಿ ಸೊಂಟ ಎಂದರೆ ಸೀರೆ ಸಿಕ್ಕಿಸುವ ಜಾಗವೂ ಹೌದು, ಕೊಡ ಇಟ್ಟುಕೊಳ್ಳುವ ಜಾಗವೂ ಹೌದು, ಭಾರ ಎತ್ತಿದಾಗ ಹಿಡಿದುಕೊಳ್ಳುವ ಬೆನ್ನಿನ ಬುಡವೂ ಹೌದು. ಕೀಲು ಇರುವುದು ಇವು ಯಾವುದರಲ್ಲೂ ಅಲ್ಲ, ತೊಡೆಸಂದಿನ ಆಳದಲ್ಲಿ. ನಮ್ಮ ಕಡೆ ಹಿರಿಯರು ಚಪ್ಪೆ ಎನ್ನುವ ಮಾತನ್ನು ಬಳಸುತ್ತಾರೆ, ಅದು ಸ್ವಲ್ಪ ಹತ್ತಿರ. ನನಗೆ ನೋವು ಶುರುವಾದದ್ದು ಮೊಣಕಾಲಿನಲ್ಲಿ. ಎರಡು ವರ್ಷ ಮೊಣಕಾಲಿಗೇ ಎಣ್ಣೆ ತಿಕ್ಕಿದೆ. ಸೊಂಟದ ಕೀಲು ಸವೆದರೆ ನೋವು ಮೊಣಕಾಲಿನಲ್ಲಿ ಕಾಣಿಸಿಕೊಳ್ಳುವುದುಂಟು ಎಂದು ಎಕ್ಸ್‌ರೇ ಹಿಡಿದು ಡಾಕ್ಟರು ಹೇಳಿದಾಗ, ಅಷ್ಟು ಎಣ್ಣೆ ವ್ಯರ್ಥವಾಯಿತಲ್ಲ ಎಂಬುದು ನನ್ನ ಮೊದಲ ಸಂಕಟ.

ಸುಗ್ಗಿ ಮುಗಿಸಿ ಮಾರ್ಚಿನಲ್ಲಿ ಮಾಡಿಸಿಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದೆ. ಅಡಿಕೆಯವರ ಮನೆಯಲ್ಲಿ ಮದುವೆ, ಬಾಣಂತನ, ಆಪರೇಷನ್ ಎಲ್ಲಕ್ಕೂ ಸುಗ್ಗಿಯ ಆಚೆ ಈಚೆ ಎಂಬುದೇ ಪಂಚಾಂಗ. ನವರಾತ್ರಿಯ ಹೊತ್ತಿಗೆ ಹೊಸ್ತಿಲು ದಾಟಲು ಕಾಲನ್ನು ಕೈಯಲ್ಲಿ ಎತ್ತಿ ಆಚೆ ಇಡಬೇಕಾದ ಸ್ಥಿತಿ ಬಂತು. ದೀಪಾವಳಿಯಾದ ಮರುವಾರ ಶಿವಮೊಗ್ಗದಲ್ಲಿ ಮಲಗಿಸಿದರು. ಸವೆದ ಗುಂಡು ಹೋಗಿ ಲೋಹದ ದಂಟಿನ ಮೇಲೆ ಹೊಸ ಗುಂಡು ಬಂತು. ಅದು ಕೂರುವ ಬಟ್ಟಲಿನೊಳಗೆ ಪ್ಲಾಸ್ಟಿಕ್‌ನ ಪದರವಂತೆ. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಹಳೆಯ ನೋವು ಪೂರ್ತಿ ಹೋಗಿತ್ತು, ಹೊಸದಾಗಿ ಇದ್ದದ್ದು ಬರೀ ಹೊಲಿಗೆಯ ನೋವು. ಅತ್ತುಬಿಟ್ಟೆ. ಅದರ ಹಿಂದೆಯೇ ನಿಷೇಧಗಳ ಪಟ್ಟಿ ಬಂತು. ಸೊಂಟದಲ್ಲಿ 90 ಡಿಗ್ರಿಗಿಂತ ಬಗ್ಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು, ಮಲಗುವಾಗ ಮೊಣಕಾಲುಗಳ ನಡುವೆ ದಿಂಬು. ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ. ನೆಲದ ಮೇಲೆ ಕೂರುವುದು? "ಅದನ್ನು ಮರೆತುಬಿಡಿ ಅಮ್ಮ," ಎಂದರು ಡಾಕ್ಟರು, ಕಾಫಿಯಲ್ಲಿ ಸಕ್ಕರೆ ಬಿಡಿ ಎನ್ನುವವರ ಹಾಗೆ.

ಮಗಳು ಹಾಸಿಗೆಯ ಪಕ್ಕ ಕೂತು ಮೊಬೈಲಿನಲ್ಲಿ ಓದಿ ಹೇಳಿದಳು. ಈಗ ಎಲ್ಲ ಕಡೆ ಹಾಕುವ ಈ ಬಗೆಯ ಕೀಲಿಗೆ ದಾರಿ ಮಾಡಿದವರು ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ಸರ್ಜನ್ನರು, 1960ರ ದಶಕದ ಆರಂಭದಲ್ಲಿ. ಲೋಹದ ಗುಂಡು, ಪ್ಲಾಸ್ಟಿಕ್ ಬಟ್ಟಲು ಎಂಬ ಜೋಡಿ ಅವರದೇ. ಪುಣ್ಯಾತ್ಮರಿಗೆ ಕೈ ಮುಗಿಯುತ್ತೇನೆ. ಆದರೆ ಅವರ ಮುಂದೆ ಕುಂಟುತ್ತ ಬಂದವರೆಲ್ಲ ಕುರ್ಚಿಯ ಮೇಲೆ ಕೂತು ಉಂಡವರು, ನಿಂತು ಅಡುಗೆ ಮಾಡಿದವರು. ನನ್ನ ಹೊಸ ಕೀಲಿಗೆ ನಡೆಯಲು ಗೊತ್ತು, ಮೆಟ್ಟಿಲು ಹತ್ತಲು ಗೊತ್ತು. ಕುಕ್ಕರಗಾಲಿನಲ್ಲಿ ಕೂರಲು ಅದಕ್ಕೆ ಯಾರೂ ಕಲಿಸಿಲ್ಲ.

ಹಂಡೆಯ ಬೆಂಕಿ

ಮೊದಲ ಮೂರು ವಾರ ನಾನು ಒಳ್ಳೆಯ ರೋಗಿಯಾಗಿದ್ದೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ, ಕಾಲಿಗೆ ಬಿಗಿಯಾದ ಕಾಲುಚೀಲ, ದಿನಕ್ಕೆ ಮೂರು ಸಲ ವ್ಯಾಯಾಮ. ನಮ್ಮ ಹಳೆಯ ಮನೆಯ ಹೊಸ್ತಿಲುಗಳು ಒಂದೊಂದೂ ಏಳೆಂಟು ಇಂಚು. ವಾಕರನ್ನು ಆಚೆ ಇಟ್ಟು, ಕಾಲು ದಾಟಿಸಿ, ಮತ್ತೊಂದು ಕಾಲು ದಾಟಿಸುವಷ್ಟರಲ್ಲಿ ಒಳಗಿನ ಮಾತು ಮುಗಿದೇ ಹೋಗಿರುತ್ತಿತ್ತು. ಆಸ್ಪತ್ರೆಯ ನುಣ್ಣನೆಯ ಪಡಸಾಲೆಯಲ್ಲಿ ಕಲಿತ ನಡಿಗೆ ಇಲ್ಲಿ ಎರಡು ಹೆಜ್ಜೆಗೆ ಮುಗಿಯುತ್ತಿತ್ತು.

ಐದನೆಯ ವಾರಕ್ಕೆ ವಾಕರ್ ಹೋಗಿ ಕೋಲು ಬಂತು. ಎಡಗಡೆಯ ಆಪರೇಷನ್, ಆದ್ದರಿಂದ ಕೋಲು ಬಲಗೈಯಲ್ಲಿ. ಇದನ್ನು ನೋಡಿದ ಪ್ರತಿಯೊಬ್ಬರೂ ಕೋಲು ತಪ್ಪು ಕೈಯಲ್ಲಿದೆ ಎಂದು ತಿದ್ದಿದರು. ಕೋಲು ಬಂದ ದಿನವೇ ನನಗೆ ದುರ್ಬುದ್ಧಿಯೂ ಬಂತು. ಧನುರ್ಮಾಸದ ಬೆಳಗಿನ ಜಾವ ಐದು ಗಂಟೆ. ಸೋಗೆಯ ಮೇಲಿನಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು ಮಳೆಯ ಹಾಗೆ ಕೇಳುತ್ತಿತ್ತು. ಎಂದಿನಂತೆ ಎಚ್ಚರವಾಗಿತ್ತು. ಬಚ್ಚಲ ಹಂಡೆಗೆ ಬೆಂಕಿ ಹಾಕುವುದು ಮದುವೆಯಾಗಿ ಬಂದ ವರ್ಷದಿಂದ ನನ್ನ ಕೆಲಸ. ಈಗ ಓರಗಿತ್ತಿ ಎದ್ದು ಹಾಕುತ್ತಿದ್ದಳು. ಅದಲ್ಲದೆ ಅವಳಿಗೆ ಎರಡು ಹಸು, ಒಂದು ಕರು, ಅಡಿಕೆ ಗೊನೆ ಕೊಯ್ಯುವ ಕೊನೆಗಾರರ ತಿಂಡಿ, ಸುಲಿಯುವವರ ಚಹಾ, ನನ್ನ ಪಥ್ಯ. ನಾನು ಮಲಗಿದರೆ ನನ್ನ ಕೆಲಸವೇನೂ ಮಲಗುವುದಿಲ್ಲ, ಎದ್ದು ಅವಳ ಹಿಂದೆ ಹೋಗುತ್ತದೆ. ಅವಳು ಒಂದು ದಿನವಾದರೂ ಐದೂವರೆಯ ತನಕ ಮಲಗಲಿ ಎಂದುಕೊಂಡೆ. ಇದು ಅರ್ಧ ನಿಜ. ಇನ್ನರ್ಧ, ನನಗೆ ಬೆಂಕಿಯ ಆಸೆಯಾಗಿತ್ತು.

ಕೂರುವಂತಿಲ್ಲ, ಬಗ್ಗುವಂತಿಲ್ಲ. ಆದರೆ ಒಣಗಿದ ಅಡಿಕೆ ಸೋಗೆ ಒಂದಾಳು ಉದ್ದ ಇರುತ್ತದಲ್ಲ! ನಿಂತೇ ಅದರ ತುದಿಗೆ ಬೆಂಕಿ ಕೊಟ್ಟು, ನಿಂತೇ ಒಲೆಯ ಬಾಯಿಗೆ ನೂಕಿದೆ. ಹಿಂದಿನ ದಿನದ ಸಿಪ್ಪೆಗೆ ಹಿಡಿದುಕೊಂಡಿತು. ಇಷ್ಟು ಬುದ್ಧಿವಂತಿಕೆ ಇಷ್ಟು ವರ್ಷ ಎಲ್ಲಿತ್ತು ಎಂದು ನನ್ನನ್ನು ನಾನೇ ಹೊಗಳಿಕೊಂಡೆ. ಮುಂದಿನದು ಕುಂಟೆ, ಅಂದರೆ ಸೌದೆಯ ದಿಮ್ಮಿ. ಓರಗಿತ್ತಿ ಸಂಜೆಯೇ ಒಂದು ದಪ್ಪ ಕುಂಟೆಯನ್ನು ಒಲೆಯ ಬಾಯಿಗೆ ಅರ್ಧ ತೂರಿಸಿ ಇಟ್ಟಿದ್ದಳು. ಅದನ್ನು ಒಳಗೆ ತಳ್ಳಬೇಕು. ಕೈಯಲ್ಲಿ ಕೋಲಿತ್ತು. ತಳ್ಳಿದೆ. ಚೆನ್ನಾಗಿ ಹೋಯಿತು. ಇನ್ನೂ ಸ್ವಲ್ಪ ತಳ್ಳಿದೆ. ಊದುಕೊಳವೆ ಹಿಡಿಯಲಾರದ್ದಕ್ಕೆ ಕೋಲಿನಿಂದಲೇ ಕೆಂಡವನ್ನು ಆಚೀಚೆ ಕೆದಕಿದೆ. ಬೆಂಕಿ ಸುರುಸುರು ಎಂದು ಎದ್ದಿತು. ಬಿಸಿ ಮೊಣಕಾಲಿಗೆ ತಾಗಿತು. ಎಷ್ಟೋ ದಿನಗಳ ಮೇಲೆ ಮನೆಗೆ ಬಂದ ಹಾಗಾಯಿತು.

ವಾಸನೆ ಬಂದದ್ದು ಆಮೇಲೆ. ಕೋಲಿನ ಬುಡದ ರಬ್ಬರ್ ಕರಗಿ ಅರ್ಧ ಕುಂಟೆಗೆ ಅಂಟಿತ್ತು, ಇನ್ನರ್ಧ ಹೊಗೆಯಾಗಿತ್ತು. ಗಾಬರಿಯಲ್ಲಿ ಕೋಲನ್ನು ಬಚ್ಚಲ ಕಲ್ಲಿನ ಮೇಲೆ ಊರಿದೆ. ರಬ್ಬರ್ ಇಲ್ಲದ ಅಲ್ಯೂಮಿನಿಯಂ ಕೊಳವೆ, ಒದ್ದೆ ಕಲ್ಲು. ಕೋಲು ನನ್ನ ಕೈ ಬಿಟ್ಟು ಹೊರಟೇಹೋಯಿತು. ನಾನು ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ನಿಂತೆ. ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುವಷ್ಟು ಧೈರ್ಯ ಈಗಲೂ ಇಲ್ಲ. ಕೀಲು ಜಾರಿದರೆ ಮತ್ತೆ ಅದೇ ಟೇಬಲ್ಲು. ಒಳಗಿನಿಂದ ನಮ್ಮವರ ಧ್ವನಿ ಬಂತು: "ಏನದು ಸುಟ್ಟ ವಾಸನೆ?" ಯಾರೋ ಒಲೆಗೆ ಪ್ಲಾಸ್ಟಿಕ್ ಹಾಕಿದ್ದಾರೆ ಎಂದೆ. ಚೌಕಟ್ಟು ಬಿಡದೆ, ಬಾಗಿಲಿಗೆ ಒರಗಿ ನಿಂತವಳ ಹಾಗೆ, ಆರಾಮವಾಗಿ ಹೇಳಿದೆ. ಆ ಸುಳ್ಳು ಹತ್ತು ನಿಮಿಷವೂ ಉಳಿಯಲಿಲ್ಲ. ಓರಗಿತ್ತಿ ಬಂದು ಕೋಲನ್ನು ನೋಡಿದಳು, ಒಲೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಅಕ್ಕಾ, ನಿಮಗೆ ಹಂಡೆಯ ನೀರು ಬಿಸಿ ಮಾಡಬೇಕಿತ್ತೋ, ನಮ್ಮೆಲ್ಲರ ತಲೆಯನ್ನೋ?" ಎಂದಳು. ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಕೋಲಿನ ಬುಡ ಪೇಟೆಯ ಎರಡು ಔಷಧಿ ಅಂಗಡಿಗಳಲ್ಲಿ ಸಿಗದೆ, ಮೈದುನ ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ತುರುಕಿಕೊಟ್ಟ. ಅದೇ ಈಗಲೂ ಇದೆ. ನೀಲಿ ಬಣ್ಣ.

ಅತ್ತೆಯ ಕಿವಿ

ಇದೇ ಮನೆಯಲ್ಲಿ ಇದೇ ಕೀಲಿನ ಇನ್ನೊಂದು ಚಳಿಗಾಲವನ್ನು ನಾನು ನೋಡಿದ್ದೇನೆ. 1994ರಲ್ಲಿ ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದರು. ತೊಡೆಯ ಮೂಳೆಯ ಕುತ್ತಿಗೆ ಮುರಿದಿತ್ತು ಎಂದು ಈಗ ನಾನು ಊಹಿಸಬಲ್ಲೆ. ಆಗ ಅಷ್ಟೆಲ್ಲ ಯಾರಿಗೆ ಗೊತ್ತು? ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿಕೊಂಡಿತ್ತು. ನಾಟಿ ವೈದ್ಯರು ಬಂದು ಸೊಪ್ಪಿನ ಪಟ್ಟು ಹಾಕಿದರು, ಪಾದದ ಎರಡು ಬದಿಗೆ ಮರಳಿನ ಚೀಲ ಇಟ್ಟರು. ವಯಸ್ಸಾಯಿತು, ಇನ್ನು ಹೀಗೆಯೇ ಎಂದು ಮನೆಯವರೆಲ್ಲ ಒಪ್ಪಿಕೊಂಡರು. ಅವರಿಗೆ ಆಗ ಅರವತ್ತೆರಡು. ನನಗೆ ಈಗ ಅದಕ್ಕೆ ನಾಲ್ಕು ಕಡಿಮೆ.

ನಡುಮನೆಯ ಮಂಚದಲ್ಲಿ ಮಲಗಿ ಅತ್ತೆ ಆ ವರ್ಷದ ಸುಗ್ಗಿಯನ್ನು ಪೂರ್ತಿ ನಡೆಸಿದರು. ಅಂಗಳ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಕಿವಿ ಇತ್ತು. ಸುಲಿಯುವ ಸದ್ದಿಗೆ ಒಂದು ಲಯ ಇದೆ: ಕಾಯಿ ಕತ್ತಿಗೆ ಸಿಕ್ಕುವ ಸದ್ದು, ಸಿಪ್ಪೆ ಕಳಚುವ ಸದ್ದು, ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಟಪ್. ಆ ಟಪ್ಪು ಕಡಿಮೆಯಾದರೆ ಒಳಗಿನಿಂದ ಕೂಗುತ್ತಿದ್ದರು, "ಮೂಲೆಯಲ್ಲಿ ಯಾರೋ ನಿದ್ದೆ ಮಾಡುತ್ತಿದ್ದಾರೆ, ಚಹಾ ಕೊಡು." ಬೇಯಿಸುವ ದಿನ ಚೊಗರಿನ, ಅಂದರೆ ಅಡಿಕೆ ಬೆಂದ ನೀರಿನ, ವಾಸನೆ ಗೋಡೆ ದಾಟಿ ಬರುತ್ತಿತ್ತಲ್ಲ, ಅದರಲ್ಲೇ ತಿಳಿಯುತ್ತಿದ್ದರು. ನಾನು ಜರಡಿಯಲ್ಲಿ ನಾಲ್ಕು ಕಾಯಿ ಎತ್ತಿಕೊಂಡು ಒಳಗೆ ಓಡಿ ಅವರ ಕೈಗೆ ಹಾಕಬೇಕು. ಬಿಸಿಯನ್ನೇ ಹೊರಳಿಸಿ, ಕಾಯಿಯ ಕಣ್ಣು ಕಳಚಿದೆಯೇ ನೋಡಿ, "ಇನ್ನೊಂದು ಕುದಿ" ಎನ್ನುತ್ತಿದ್ದರು. ಎಂಥ ಶಕ್ತಿ ಎಂದು ಆಗ ಬೆರಗಾಗಿದ್ದೆ. ಈ ಸಲ ಅದೇ ನಡುಮನೆಯಲ್ಲಿ ಮಲಗಿ ಅದೇ ಸದ್ದು ಕೇಳಿದಾಗ ಬೇರೆ ಏನೋ ಹೊಳೆಯಿತು. ಅವರು ಮೇಲ್ವಿಚಾರಣೆ ಮಾಡುತ್ತಿರಲಿಲ್ಲ. ಹೊರಗಿನವರಿಗೆ ತಾನು ಇದ್ದೇನೆ ಎಂದು ನೆನಪಿಸುತ್ತಿದ್ದರು. ಮುಂದಿನ ಮಳೆಗಾಲ ದಾಟಲಿಲ್ಲ. ಮೂಳೆ ಮುರಿದದ್ದರಿಂದ ಅಲ್ಲ, ಮಲಗಿದ್ದರಿಂದ. ಬೆನ್ನಿನಲ್ಲಿ ಹುಣ್ಣು, ಆಮೇಲೆ ಎದೆಯಲ್ಲಿ ಕಫ.

ಕುರ್ಚಿಯ ಮೇಲಿನವಳು

ಯಂತ್ರ ಇದೆಯಲ್ಲ ಎಂದು ಕೇಳುತ್ತೀರಿ. ಇದೆ. ನಮ್ಮ ಊರಿನ ದೊಡ್ಡ ತೋಟದವರೆಲ್ಲ ಯಂತ್ರದಲ್ಲೇ ಸುಲಿಸುತ್ತಾರೆ. ಕೊನೆ ಕೊಯ್ಯುವುದಕ್ಕೂ ಮರ ಹತ್ತುವವರು ಸಿಗದೆ ಫೈಬರ್ ದೋಟಿ ಬಂದಿದೆ, ನೆಲದಲ್ಲಿ ನಿಂತೇ ಕೊನೆ ಇಳಿಸುತ್ತಾರೆ. ನಮ್ಮದು ಎರಡು ಎಕರೆ. ಕೊನೆ ಬರುವುದೂ ಸ್ವಲ್ಪ ಸ್ವಲ್ಪ. ಅದರಲ್ಲೂ ಹಸ ಎಂಬ ಮೇಲು ದರ್ಜೆಯ ಅಡಿಕೆ ಆಗುವಂಥ ಎಳೆಯ ಕಾಯಿಯನ್ನು ಯಂತ್ರಕ್ಕೆ ಕೊಡಲು ನಮ್ಮವರಿಗೆ ಮನಸ್ಸಿಲ್ಲ. ಕೊಯ್ದ ಹಸಿ ಕಾಯಿಯನ್ನು ಇಟ್ಟುಕೊಂಡು ಕೂರುವಂತಿಲ್ಲ, ಕಾದಷ್ಟೂ ಬಣ್ಣ ಕೆಡುತ್ತದೆ. ಹಾಗಾಗಿ ರಾತ್ರಿ ಹತ್ತರವರೆಗೆ, ಒಮ್ಮೊಮ್ಮೆ ಹನ್ನೊಂದರವರೆಗೆ ಅಂಗಳದಲ್ಲಿ ಬಲ್ಬು ಉರಿಯುತ್ತದೆ. ಏಳೆಂಟು ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮಣೆಯನ್ನು ಕಾಲಿನಿಂದ ಒತ್ತಿ ಕೂರುತ್ತಾರೆ. ಮೂವತ್ತೆರಡು ಚಳಿಗಾಲ ಆ ಸಾಲಿನ ಕೊನೆಯಲ್ಲಿ ಗೋಡೆಯ ಪಕ್ಕದ ಜಾಗ ನನ್ನದಾಗಿತ್ತು.

ಮೊದಲ ಸಲ ಕೋಲು ಊರಿಕೊಂಡು ಅಂಗಳಕ್ಕೆ ಹೋದ ರಾತ್ರಿ ಮಗಳು ನನ್ನ ಗೋಪುರವನ್ನು ತಂದು ಸಾಲಿನ ಎದುರಿಗೆ ಇಟ್ಟಳು. ಎಲ್ಲರೂ ಸುಲಿಯುವುದನ್ನು ನಿಲ್ಲಿಸಿ ಮಾತಾಡಿಸಿದರು, ಹುಷಾರು ಎಂದರು, ದೃಷ್ಟಿ ತೆಗೆಸಿ ಎಂದರು. ಆಮೇಲೆ ಕೆಲಸ ಶುರುವಾಯಿತು. ಮಾತು ಶುರುವಾಗಲಿಲ್ಲ. ಕತ್ತಿಯ ಸದ್ದು ಮಾತ್ರ. ನಾನಾಗಿಯೇ ಕೇಳಿದ್ದಕ್ಕೆ ಉತ್ತರ ಬರುತ್ತಿತ್ತು, ಚುಟುಕಾಗಿ, ತಲೆ ಎತ್ತಿ ನೋಡಿ. ತಲೆ ಎತ್ತಿದರೆ ಕೈ ನಿಲ್ಲುತ್ತದೆ, ಕೈ ನಿಂತರೆ ಕೂಲಿಯ ಲೆಕ್ಕದ ಡಬ್ಬ ತುಂಬುವುದಿಲ್ಲ. ಸುಲಿಯುವವರ ಮಾತೆಲ್ಲ ಹುಟ್ಟುವುದು ತಗ್ಗಿದ ತಲೆಗಳ ನಡುವೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಅದಕ್ಕೇ ಎಲ್ಲವನ್ನೂ ಹೇಳಬಹುದು. ಯಾವ ಮನೆಯ ಹುಡುಗ ಬೆಂಗಳೂರಿನಲ್ಲಿ ಸಾಲ ಮಾಡಿದ, ಯಾರ ಗರ್ಭ ನಿಲ್ಲಲಿಲ್ಲ, ಯಾರ ಗಂಡ ಎರಡು ದಿನದಿಂದ ಮನೆಗೆ ಬಂದಿಲ್ಲ. ಇದನ್ನೆಲ್ಲ ನಾನು ಕೇಳಿದ್ದು ಆ ಗೋಡೆಯ ಪಕ್ಕದಲ್ಲಿ, ಅಂಗೈ ಕಪ್ಪು ಮಾಡಿಕೊಂಡು. 20 ಇಂಚು ಮೇಲಿನಿಂದ ನನಗೆ ಕಂಡದ್ದು ಏಳೆಂಟು ಬೈತಲೆ.

ನನ್ನನ್ನು ನಾನೇ ಮರುಳು ಮಾಡಿಕೊಳ್ಳಬಾರದು. ನೆಲದಲ್ಲಿ ಕೂತಾಗಲೂ ಅಡಿಕೆ ನನ್ನದೇ, ಡಬ್ಬದ ಲೆಕ್ಕ ಅವರದೇ. ನನಗೆ ಯಾರೂ ಸುಲಿದದ್ದಕ್ಕೆ ಕೂಲಿ ಕೊಟ್ಟಿಲ್ಲ, ನಿದ್ದೆ ಬಂದರೆ ಎದ್ದು ಒಳಗೆ ಹೋಗುತ್ತಿದ್ದೆ. ಆದರೆ ಒಂದೇ ಮಟ್ಟದಲ್ಲಿ ಕೂತವರು ಅದನ್ನು ಎರಡು ಗಂಟೆಯ ಮಟ್ಟಿಗಾದರೂ ಮರೆಯಬಹುದಿತ್ತು. ಈ ಭಾಗದ ಅಂಗಳಗಳಲ್ಲಿ ಕುರ್ಚಿ ಹಾಕಿ ಕೂರುವವರು ಯಾರು? ಯಜಮಾನರು, ನೆಂಟರು, ವ್ಯಾಪಾರಕ್ಕೆ ಬಂದವರು, ಎಲೆಕ್ಷನ್ನಿನವರು. ಹೆಂಗಸರಂತೂ ಅಲ್ಲ. ಮೂರನೆಯ ರಾತ್ರಿ ನಮ್ಮವರು ಡಬ್ಬದ ಲೆಕ್ಕದ ಪುಸ್ತಕವನ್ನೂ ಪೆನ್ನನ್ನೂ ನನ್ನ ಮಡಿಲಿಗೆ ಹಾಕಿ, "ಹೇಗೂ ಕೂತಿದ್ದೀಯಲ್ಲ," ಎಂದು ಟಿವಿ ನೋಡಲು ಹೋದರು. ಅಲ್ಲಿಗೆ ಪಟ್ಟಾಭಿಷೇಕ ಪೂರ್ತಿಯಾಯಿತು.

ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಾಕೆಯೊಬ್ಬಳು ಇದ್ದಾಳೆ. ನಾನು ಈ ಮನೆಗೆ ಬರುವ ಮೊದಲಿನಿಂದಲೂ ಸುಲಿಯುವವಳು. ಒಂದು ರಾತ್ರಿ ಉಳಿದವರು ಚಹಾಕ್ಕೆ ಎದ್ದಾಗ ಆಕೆ ಎದ್ದಿರಲಿಲ್ಲ. "ಅಮ್ಮಾ, ನಿಮ್ಮದು ಹಂದಿಗೋಡು ಕಾಯಿಲೆಯಾ?" ಎಂದು ಕೇಳಿದಳು. ಸಾಗರ ಸೀಮೆಯಲ್ಲಿ ಚಪ್ಪೆ ನೋವು ಎಂದ ಕೂಡಲೇ ಹಳಬರ ಬಾಯಿಗೆ ಬರುವ ಹೆಸರು ಅದು. 1970ರ ದಶಕದಲ್ಲಿ ನಮ್ಮ ತಾಲ್ಲೂಕಿನ ಹಂದಿಗೋಡಿನಲ್ಲಿ ಕೂಲಿ ಮಾಡುವ ದಲಿತ ಕುಟುಂಬಗಳ ಜನರಿಗೆ ಸೊಂಟದ, ಮೊಣಕಾಲಿನ ಕೀಲುಗಳು ಹಾಳಾಗುತ್ತ ಬಂದವು. ಕೆಲವರು ಕೈ ಊರಿ ತೆವಳುವ ಸ್ಥಿತಿಗೆ ಮುಟ್ಟಿದರು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದು ಹೀಗಾಯಿತು ಎಂದು ಮೊದಲು ಅನುಮಾನಪಟ್ಟರು. ಅದು ವಂಶದಲ್ಲಿ ಇಳಿದುಬರುವ ಮೂಳೆಯ ರೋಗ ಎಂಬುದು ಆಮೇಲೆ ತಿಳಿಯಿತು. ನಾನು ಶಾಲೆಗೆ ಹೋಗುವ ಕಾಲದಲ್ಲಿ ಆ ಊರಿನ ಹೆಸರನ್ನು ಮಕ್ಕಳು ಕುಂಟುವವರನ್ನು ಅಣಕಿಸಲು ಬಳಸುತ್ತಿದ್ದರು. ನಾನೂ ಬಳಸಿದ್ದೇನೆ.

ಅಲ್ಲ, ನನ್ನದು ಬರೀ ಸವೆತ ಎಂದೆ. "ನನಗೂ ಸವೆದಿರಬೇಕು," ಎಂದಳು. ಅದಕ್ಕೇ ಆಕೆ ಚಹಾಕ್ಕೆ ಏಳದೇ ಇದ್ದದ್ದು. ಒಮ್ಮೆ ಕೂತರೆ ರಾತ್ರಿ ಮುಗಿದ ಮೇಲೆಯೇ, ಇಬ್ಬರು ಕೈಹಿಡಿದು ಎಬ್ಬಿಸಬೇಕು. ಮೂವತ್ತೆರಡು ವರ್ಷ ಪಕ್ಕದಲ್ಲಿ ಕೂತಿದ್ದೆ, ನನಗೆ ಕಂಡಿರಲಿಲ್ಲ. ನಾನು ಯಾವಾಗಲೂ ಆಕೆಗಿಂತ ಮೊದಲೇ ಎದ್ದು ಹೋಗಿರುತ್ತಿದ್ದೆ. ಎಷ್ಟು ಖರ್ಚಾಯಿತು ಎಂದು ಕೇಳಿದಳು. ಐದು ಕ್ವಿಂಟಲ್ ರಾಶಿ ಅಡಿಕೆ ಎಂದೆ. ನಮ್ಮ ಮನೆಯಲ್ಲಿ ಲೆಕ್ಕ ಹಾಕಿದ್ದೇ ಹಾಗೆ. ಆಕೆ ಅದನ್ನು ಮನಸ್ಸಿನಲ್ಲಿ ಡಬ್ಬಕ್ಕೆ ಇಳಿಸಲು ನೋಡಿ ಕೈಬಿಟ್ಟಂತೆ ಕಂಡಿತು. ಕಾರ್ಡು ಇದ್ದವರಿಗೆ ಸರ್ಕಾರದ ಯೋಜನೆಯಲ್ಲಿ ಆಗುತ್ತದೆಯೋ ವಿಚಾರಿಸೋಣ, ಮಗಳಿಗೆ ಹೇಳುತ್ತೇನೆ ಎಂದೆ. "ದುಡ್ಡು ಅವರು ಕೊಡಬಹುದು ಅಮ್ಮಾ," ಎಂದು ನಕ್ಕಳು, "ಮೂರು ತಿಂಗಳು ನಾನು ನಿಮ್ಮ ಹಾಗೆ ಕುರ್ಚಿಯಲ್ಲಿ ಕೂತರೆ ನನ್ನ ಡಬ್ಬ ಯಾರು ತುಂಬುತ್ತಾರೆ?"

ಬೆಂಚು

ಬೆಂಚಿನ ಯೋಚನೆ ಆ ಮಾತಿನಿಂದ ಬಂತು ಎಂದು ಹೇಳಿದರೆ ನಾನು ದೊಡ್ಡವಳಾಗುತ್ತೇನೆ. ನಿಜವೆಂದರೆ ಯೋಚನೆ ಬಂದದ್ದು ನನಗೆ ಸುಲಿಯಲು ಕೈ ತುರಿಸುತ್ತಿದ್ದುದರಿಂದ. ಕತ್ತಿಯನ್ನು ನೆಲದಿಂದ ಮೇಲಕ್ಕೆ ತಂದರೆ ಆಯಿತಲ್ಲ? ಅಡುಗೆಮನೆಯಲ್ಲಿ ಒಲೆ ಕಟ್ಟೆಯ ಮೇಲೆ ಏರಿ ಎಷ್ಟೋ ವರ್ಷವಾಯಿತು, ಒರಳಿನ ಜಾಗಕ್ಕೆ ಮಿಕ್ಸಿ ಬಂತು. ಅಂಗಳದ ಕತ್ತಿ ಮಾತ್ರ ಅಜ್ಜಿಯ ಕಾಲದಲ್ಲಿ ಎಲ್ಲಿತ್ತೋ ಅಲ್ಲೇ ಇದೆ. ಮೈದುನ ಅಟ್ಟದಿಂದ ಹಳೆಯ ಶಾಲೆಯ ಬೆಂಚೊಂದನ್ನು ಇಳಿಸಿದ. ಮಾವನವರು ಯಾವುದೋ ಹರಾಜಿನಲ್ಲಿ ತಂದದ್ದು, ಮೇಲೆ ಮಕ್ಕಳು ಕೈವಾರದಲ್ಲಿ ಕೆತ್ತಿದ ಹೆಸರುಗಳು ಇನ್ನೂ ಇವೆ. ಒಂದು ತುದಿಗೆ ಮೆಟ್ಟುಗತ್ತಿಯ ಮಣೆಯನ್ನು ಬೋಲ್ಟ್ ಹಾಕಿ ಬಿಗಿದ. ಕಾಲಿನಿಂದ ಒತ್ತಿ ಹಿಡಿಯುವ ಕೆಲಸ ಬೋಲ್ಟಿಗೆ ಹೋಯಿತು. ಎದುರಿಗೆ ನನ್ನ ಗೋಪುರ, ಬದಿಗೆ ಸ್ಟೂಲಿನ ಮೇಲೆ ಬುಟ್ಟಿ.

ಮೊದಲ ರಾತ್ರಿ ಹೆಬ್ಬೆರಳು ಕುಯ್ದುಕೊಂಡೆ. ನೆಲದಲ್ಲಿ ಕೂತಾಗ ಇಡೀ ಮೈಭಾರ ಕತ್ತಿಯ ಮೇಲೆ ಬಾಗಿರುತ್ತದೆ, ಕಾಯಿ ತಾನಾಗಿ ಬಂದು ಕುತ್ತುತ್ತದೆ. ಇಲ್ಲಿ ತೋಳಿನಿಂದಲೇ ಒತ್ತಬೇಕು. ರಕ್ತ ತೆಳುವಾಗುವ ಮಾತ್ರೆ ಮುಗಿದು ವಾರವಾಗಿತ್ತು, ಬದುಕಿದೆ. ಎರಡನೆಯ ರಾತ್ರಿ ಕತ್ತಿಯನ್ನು ಸ್ವಲ್ಪ ನನ್ನ ಕಡೆ ಓರೆ ಮಾಡಿಸಿದೆ. ನಾಲ್ಕನೆಯ ರಾತ್ರಿಗೆ ಹಳೆಯ ವೇಗದ ಅರ್ಧ ಬಂತು. ತಲೆ ತಗ್ಗಿಸಿ ಸುಲಿಯುತ್ತಿದ್ದುದರಿಂದಲೋ ಏನೋ, ಅವತ್ತು ಯಾರೋ ಮೆಲ್ಲಗೆ ಬೆಂಗಳೂರಿನ ಸಾಲದ ಹುಡುಗನ ಸುದ್ದಿ ಎತ್ತಿದರು. ಸಾಲ ಈಗ ದುಪ್ಪಟ್ಟಾಗಿದೆಯಂತೆ. ನಾನು ತಲೆ ಎತ್ತಲಿಲ್ಲ.

ಸಂಕ್ರಾಂತಿಯ ಮರುದಿನ ಮೂರು ತಿಂಗಳಿನ ತಪಾಸಣೆಗೆಂದು ಶಿವಮೊಗ್ಗಕ್ಕೆ ಹೋಗಿದ್ದೆವು, ದಿನ ಸ್ವಲ್ಪ ಮೊದಲೇ. ಎಕ್ಸ್‌ರೇ ಚೆನ್ನಾಗಿದೆ ಎಂದರು. ಕೋಲು ಬಿಡಬಹುದು, ನೆಲ ಬೇಡ. ಬರುವಾಗ ಕತ್ತಲಾಗಿತ್ತು. ಅಂಗಳದಲ್ಲಿ ಬಲ್ಬು ಉರಿಯುತ್ತಿತ್ತು, ಸುಲಿಯುವ ಸದ್ದು ಗೇಟಿನ ತನಕ ಬರುತ್ತಿತ್ತು. ಬೆಂಚಿನ ಮುಂದೆ ನನ್ನ ಗೋಪುರದ ಮೇಲೆ ಹಿರಿಯಾಕೆ ಕೂತಿದ್ದಳು. ಕಾಲು ನೆಲಕ್ಕೆ ಸರಿಯಾಗಿ ತಾಗದೆ ಅಡಿಗೆ ಒಂದು ಇಟ್ಟಿಗೆ ಇಟ್ಟುಕೊಂಡಿದ್ದಳು. ನನ್ನನ್ನು ನೋಡಿ ಏಳಲು ಹೋದಳು, ಆಮೇಲೆ ಏಕೋ ಏಳಲಿಲ್ಲ. ಕೈಯಲ್ಲಿದ್ದ ಕಾಯಿ ಮುಗಿಸಿ ಇನ್ನೊಂದನ್ನು ಎತ್ತಿಕೊಂಡಳು. "ಇವತ್ತು ಚಹಾಕ್ಕೆ ನಾನೇ ಎದ್ದು ಹೋದೆ ಅಮ್ಮಾ," ಎಂದಳು.

ಓರಗಿತ್ತಿ ಜಗಲಿಯಿಂದ ಮಾವನವರ ಮರದ ಕುರ್ಚಿ ತಂದು, ಅದರ ಮೇಲೆ ಎರಡು ದಿಂಬು ಹಾಕಿ ನನ್ನನ್ನು ಕೂರಿಸಿದಳು. ಲೆಕ್ಕದ ಪುಸ್ತಕ ಮತ್ತೆ ನನ್ನ ಮಡಿಲಿಗೆ ಬಂತು. ಅವತ್ತಿನ ಹಾಳೆಯಲ್ಲಿ ಹಿರಿಯಾಕೆಯ ಹೆಸರಿನ ಮುಂದೆ ಎಂದಿಗಿಂತ ಒಂದು ಡಬ್ಬ ಕಡಿಮೆ ಇತ್ತು. ಬೆಂಚು ಹೊಸದು, ಕೈ ಕೂರಲು ನಾಲ್ಕು ದಿನ ಬೇಕು ಎಂದು ನಾನು ಹೇಳಿದೆ. ಅಷ್ಟರಲ್ಲಿ ಸಾಲಿನ ಮಧ್ಯದಿಂದ ಇನ್ನೊಬ್ಬಳು, ಮೂವತ್ತೈದೂ ದಾಟದವಳು, ತಲೆ ಎತ್ತದೆಯೇ ಕೇಳಿದಳು: "ಅಣ್ಣನವರ ಹತ್ತಿರ ಅಂಥದ್ದು ಇನ್ನೊಂದು ಬೆಂಚು ಇದೆಯಾ?"

ಮೈದುನ ಅಟ್ಟ ಹುಡುಕಿದ, ಇರಲಿಲ್ಲ. ಈಗ ಎಲ್ಲಿ ಹಳೆಯ ಬೆಂಚು ಸಿಗುತ್ತದೆ ಎಂದು ವಿಚಾರಿಸುತ್ತ ತಿರುಗುತ್ತಿದ್ದಾನೆ, ಟೇಪು ಜೇಬಿನಲ್ಲೇ ಇದೆ.